ಹಿತ್ತಲಲ್ಲಿ ಕೋಣೆ ಎದ್ದಾಗ ಹಳೆ ನೆಲದಡಿಯ ಗಾಳಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಸುತ್ತಿನ ಊರುಗಳಲ್ಲಿ ಹಳೆ ಮನೆಗೆ ಹಿತ್ತಲ ಕಡೆ ಒಂದು ಕೋಣೆ ಸೇರಿಸಿದವರ ದೂರು ಹೆಚ್ಚುಕಡಿಮೆ ಒಂದೇ. ಹೊಸ ಕೋಣೆ ಚೆನ್ನಾಗಿಯೇ ಇರುತ್ತದೆ. ಹಳೆ ಮನೆಗೂ ಹೊಸ ಕೋಣೆಗೂ ನಡುವೆ ಸಿಕ್ಕಿಕೊಂಡ ಗೋಡೆ ಮಾತ್ರ ಎರಡನೇ ಮಳೆಗಾಲದ ಹೊತ್ತಿಗೆ ನೆಲದಿಂದ ಒಂದು ಮೊಳದವರೆಗೆ ಬಣ್ಣ ಉಬ್ಬಿಸಿಕೊಂಡು ಬಿಳಿ ಸವಳು (ಉಪ್ಪು) ಉದುರಿಸುತ್ತದೆ. ಹಳೆ ಕೋಣೆಯ ಪರಸಿಯ (ಹಾಸುಗಲ್ಲಿನ) ಸಂದುಗಳು ಕಪ್ಪಾಗುತ್ತವೆ, ಮೂಲೆಗಿಟ್ಟ ಜೋಳದ ಚೀಲದ ತಳ ಮುಗ್ಗುತ್ತದೆ. ಗೌಂಡಿ ಸಿಮೆಂಟಿಗೆ ಬೈಯುತ್ತಾನೆ, ಮನೆಯವರು ಗೌಂಡಿಗೆ ಬೈಯುತ್ತಾರೆ. ಗಿಲಾವು ಕೆತ್ತಿ, ವಾಟರ್‌ಪ್ರೂಫ್ ಪುಡಿ ಕಲಸಿ ಮತ್ತೆ ಬಳಿದರೆ ಸವಳು ಇನ್ನೊಂದು ಮೊಳ ಮೇಲಕ್ಕೆ ಹೋಗಿ ಅಲ್ಲಿ ಒಡೆಯುತ್ತದೆ.

ಕಾರಣ ಗಿಲಾವಿನಲ್ಲಿಲ್ಲ. ಕಲ್ಲು-ಮಣ್ಣಿನ ಗೋಡೆಯ ಬುಡ ದೀಪದ ಬತ್ತಿಯ ಹಾಗೆ: ಕೆಳಗಿಂದ ನೀರು ಹೀರುತ್ತದೆ, ಮೇಲೆ ಗಾಳಿ-ಬಿಸಿಲಿಗೆ ಬಿಟ್ಟುಕೊಡುತ್ತದೆ. ಹೀರಿದ್ದೂ ಬಿಟ್ಟಿದ್ದೂ ಎಲ್ಲಿ ಸಮವಾಗುತ್ತದೋ ಅಲ್ಲಿಗೆ ತೇವದ ಗೆರೆ ನಿಲ್ಲುತ್ತದೆ. ಹಿತ್ತಲ ಮುಖ ತೆರೆದಿದ್ದಾಗ ಆ ಗೆರೆ ಕಟ್ಟೆಯ (ಮನೆಯ ಅಡಿಗಟ್ಟಿನ) ಆಸುಪಾಸಿನಲ್ಲೇ ಇತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಆ ಮುಖಕ್ಕೆ ಕೋಣೆ ಅಂಟಿತು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಗೋಡೆಗೆ ಸಿಮೆಂಟ್ ಗಿಲಾವು, ಅದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಬಣ್ಣ. ಹೀರುವುದು ಮೊದಲಿನಷ್ಟೇ ಇದೆ, ಬಿಡುವ ಜಾಗ ಹೋಯಿತು. ಹಾರಿಹೋಗಲು ಸಾಕಾಗುವಷ್ಟು ಜಾಗ ಸಿಗುವವರೆಗೆ ನೀರು ಗೋಡೆ ಹತ್ತುತ್ತದೆ. ನೀರು ಹಾರಿದಲ್ಲಿ ಉಪ್ಪು ಉಳಿದು, ಹರಳುಗಟ್ಟುತ್ತಾ ಗಿಲಾವನ್ನು ಒಳಗಿಂದ ತಳ್ಳುತ್ತದೆ.

ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಬಿಸಿಲು ಸೀಮೆಯಲ್ಲಿ ನೆಲದಡಿ ಅಷ್ಟು ನೀರು ಎಲ್ಲಿಂದ ಬಂತು ಎಂದು ಕೇಳಬಹುದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಎಡದಂಡೆಯ ನೀರು ಕೊಪ್ಪಳ-ರಾಯಚೂರು ಕಡೆಗೂ, ಬಲದಂಡೆಯ ನೀರು ಬಳ್ಳಾರಿ ಕಡೆಗೂ ಹರಿಯಿತು. ಎರೆಭೂಮಿಯಲ್ಲಿ (ಕಪ್ಪು ಮಣ್ಣಿನ ನೆಲದಲ್ಲಿ) ಭತ್ತ ಬಂತು. ಎರೆಮಣ್ಣು ನೀರು ಕುಡಿಯುವುದೂ ನಿಧಾನ, ಬಿಡುವುದು ಇನ್ನೂ ನಿಧಾನ. ಎಷ್ಟೋ ಕಡೆ ಅಂತರ್ಜಲ ಮೇಲೆದ್ದು, ಜೊತೆಗೆ ಉಪ್ಪನ್ನೂ ಎತ್ತಿಕೊಂಡು ಬಂದು ಹೊಲ ಸವಳಾಗಿದೆ. ಹೊಲ ಸವಳಾದ ಊರಲ್ಲಿ ಮನೆಯ ಪಾಯಕ್ಕೂ ಅದೇ ನೀರು. ಕುಷ್ಟಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ಕಾಟ ಕಡಿಮೆ. ಅಲ್ಲಿ ಗೋಡೆ ತೇವವಾಗಿದ್ದರೆ ಬಚ್ಚಲ ಗುಂಡಿಯನ್ನೋ ಸೋರುವ ನಲ್ಲಿಯನ್ನೋ ಮೊದಲು ಅನುಮಾನಿಸಬೇಕು.

ಇನ್ನೊಂದು ಕಾರಣ ಊರೊಳಗಿನ ಸಿಸಿ ರಸ್ತೆ. ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದು ಹಾಕುತ್ತಾರೆ, ಪ್ರತಿ ಸಲ ನಾಲ್ಕರಿಂದ ಆರು ಅಂಗುಲ ಏರುತ್ತದೆ. ಎರಡು-ಮೂರು ಸಲವಾದರೆ ಅಜ್ಜ ಕಟ್ಟಿಸಿದ ಒಂದು ಅಡಿ ಕಟ್ಟೆ ಬೀದಿಗೆ ಸಮ. ಮುಂಭಾಗದ ಗೋಡೆಯ ಬುಡ ಹೀಗೆ ಹೂತುಹೋದ ಮೇಲೆ ನೆಲದಡಿಯ ತೇವಕ್ಕೆ ಉಳಿದ ದಾರಿ ಹಿತ್ತಲೊಂದೇ. ಅದನ್ನೂ ಹೊಸ ಕೋಣೆಯಿಂದ ಮುಚ್ಚುತ್ತೇವೆ.

ನಿಮ್ಮ ನೆಲ ಯಾವ ಜಾತಿಯದು?

ಪಾಯ ತೋಡುವ ಮೊದಲು ಇದು ಗೊತ್ತಾಗಬೇಕು, ಯಾಕೆಂದರೆ ಮದ್ದು ಬೇರೆ ಬೇರೆ. ನಮ್ಮ ಕಡೆಯ ಬಹುಪಾಲು ಮನೆಗಳದ್ದು ತುಂಬಿದ ನೆಲ: ಕಟ್ಟೆಯೊಳಗೆ ಮೊರಂ ಅಥವಾ ಸಿಕ್ಕ ಮಣ್ಣು ತುಂಬಿ, ದಮ್ಮಸ್ಸು ಮಾಡಿ, ಮೇಲೆ ಪರಸಿಯನ್ನೋ ಕಡಪ ಕಲ್ಲನ್ನೋ ಹಾಸಿದ್ದು. ಟೊಳ್ಳು ನೆಲ ಅಪರೂಪ, ಆದರೆ ಇದೆ. ಎರೆಭೂಮಿಯ ಸಹವಾಸವೇ ಬೇಡವೆಂದು ಪ್ಲಿಂತ್ ಬೀಮಿನ (ಕಟ್ಟೆ ಮಟ್ಟದ ಕಾಂಕ್ರೀಟ್ ತೊಲೆಯ) ಮೇಲೆ ಸ್ಲ್ಯಾಬ್ ಹಾಕಿ ನೆಲ ಎತ್ತಿದ ಮನೆಗಳು, ಗಿಡ್ಡ ಗೋಡೆಗಳ ಮೇಲೆ ಬಂಡೆ ಹಾಸಿದ ಉಗ್ರಾಣಗಳು ಈ ಜಾತಿಯವು. ಮೂರನೆಯದು ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ, ಇರುವ ನೆಲ. ಅದರ ಮಾತು ಮುಂದೆ.

ಹಾರೆಯ ಹಿಂಬದಿಯಿಂದ ನೆಲವನ್ನು ಎರಡೆರಡು ಅಡಿಗೊಂದು ಕಡೆ ಮೆಲ್ಲಗೆ ಕುಟ್ಟುತ್ತಾ ಹೋಗಿ. ತುಂಬಿದ ನೆಲ ಮಂದವಾಗಿ ಸದ್ದು ಮಾಡುತ್ತದೆ, ಟೊಳ್ಳಿದ್ದರೆ ಮೊಳಗುತ್ತದೆ. ಪರಸಿ ಸಡಿಲವಾಗಿದ್ದರೂ ಮೊಳಗಿದಂತೆ ಕೇಳುವುದರಿಂದ ಅನುಮಾನ ಬಂದ ಕಡೆ ಒಂದು ಕಲ್ಲು ಎತ್ತಿಯೇ ನೋಡಿ. ಹೊರಗಿನಿಂದ ಕಟ್ಟೆಯ ಸುತ್ತ ಬಂದರೆ ಟೊಳ್ಳು ನೆಲದ ಮನೆಗೆ ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿಗಳು ಸಿಗಬೇಕು. ಹೆಚ್ಚಿನ ಸಲ ಹಾವು, ಇಲಿ ಬರುತ್ತವೆಂದು ಯಾರೋ ಯಾವತ್ತೋ ಮೆತ್ತಿಬಿಟ್ಟಿರುತ್ತಾರೆ. ಗಿಲಾವಿನಲ್ಲಿ ಚೌಕಾಕಾರದ ತೇಪೆ ಕಂಡರೆ ಅದೇ ಅದು.

ತೇವ ಎಷ್ಟಿದೆ ಎಂದು ನೋಡಲು ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಎರಡು ಅಡಿ ಚೌಕದ ಹಾಳೆಯನ್ನು ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಒಂದು ಹಗಲು ಒಂದು ರಾತ್ರಿ ಬಿಟ್ಟು ತೆಗೆಯಿರಿ. ಅಡಿಯಲ್ಲಿ ಹನಿ ಕೂತಿದ್ದರೆ, ಕಲ್ಲಿನ ಬಣ್ಣ ಕಪ್ಪಾಗಿದ್ದರೆ ನೆಲ ತೇವ ಬಿಡುತ್ತಿದೆ. ಇದನ್ನು ಬೇಸಿಗೆಯಲ್ಲಿ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಕಾಲುವೆಗೆ ನೀರು ಬಿಟ್ಟು ಗದ್ದೆ ತುಂಬಿರುವಾಗ ಮಾಡಿದ್ದೇ ಲೆಕ್ಕ.

ಟೊಳ್ಳು ನೆಲವಿದ್ದರೆ

ನೆಲದಡಿ ಗಾಳಿ ಓಡುವುದು ಒಂದು ಕಡೆ ಒತ್ತಿ ಇನ್ನೊಂದು ಕಡೆ ಸೆಳೆದಾಗ. ಮುಂಗಾರಿನಲ್ಲಿ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುತ್ತದೆ. ಆ ಕಡೆಯ ಕಿಂಡಿಗಳಿಂದ ಹೊಕ್ಕು ಎದುರಿನ ಕಿಂಡಿಗಳಿಂದ ಹೊರಡಬೇಕು. ಒಂದು ಕಡೆ ಹತ್ತು ಕಿಂಡಿಯಿದ್ದು ಎದುರು ಕಡೆ ಮುಚ್ಚಿದ್ದರೆ ಬಾಯಿ ಮುಚ್ಚಿದ ಕೊಡದೊಳಗೆ ಊದಿದ ಹಾಗೆ. ಹಿತ್ತಲಿಗೆ ಕೋಣೆ ಸೇರಿಸಿದಾಗ ಆಗುವುದು ಇದೇ. ಮುಂದಿನ ಕಿಂಡಿಗಳು ಹಾಗೇ ಇವೆಯಲ್ಲ ಎಂದು ಗೌಂಡಿ ಹೇಳಿದರೆ ಒಪ್ಪಬೇಡಿ.

ಕಿಂಡಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಇಂಗ್ಲೆಂಡಿನ ಕಟ್ಟಡ ನಿಯಮದ ಅಂಕಿ ಬಳಸಬಹುದು. ಅಲ್ಲಿ ಮರದ ಹಲಗೆಯ ನೆಲ ಹೆಚ್ಚು, ಅದು ಕೊಳೆಯಬಾರದೆಂಬ ಕಾಳಜಿ. ನಮ್ಮಲ್ಲಿ ಕೊಳೆಯಲು ಹಲಗೆಯಿಲ್ಲ, ಸ್ಲ್ಯಾಬಿನ ಅಡಿಯ ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಚಕ್ಕೆ ಏಳುತ್ತದೆ. ಗಾಳಿಯ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ಎದುರುಬದುರು ಗೋಡೆಗಳಲ್ಲಿ ಗೋಡೆಯ ಉದ್ದದ ಪ್ರತಿ ಮೀಟರಿಗೆ 1,500 ಚದರ ಮಿ.ಮೀ. ಅಥವಾ ನೆಲದ ಪ್ರತಿ ಚದರ ಮೀಟರಿಗೆ 500 ಚದರ ಮಿ.ಮೀ., ಇವೆರಡರಲ್ಲಿ ದೊಡ್ಡದು ಯಾವುದೋ ಅಷ್ಟು ತೆರಪು ಬೇಕು. ಗಾಳಿಯನ್ನು ಪೈಪಿನಲ್ಲಿ ಒಯ್ಯುವುದಾದರೆ ಪೈಪಿನ ವ್ಯಾಸ 100 ಮಿ.ಮೀ.ಗಿಂತ ಕಡಿಮೆ ಇರಬಾರದು.

12 ಅಡಿ ಅಗಲ, 16 ಅಡಿ ಉದ್ದದ ಹಳೆ ಕೋಣೆ ತೆಗೆದುಕೊಳ್ಳಿ. ನೆಲ 17.8 ಚದರ ಮೀಟರ್, ಅದಕ್ಕೆ ಸುಮಾರು 8,900 ಚದರ ಮಿ.ಮೀ. ಬೇಕು. 16 ಅಡಿ ಗೋಡೆಯ ಲೆಕ್ಕದಲ್ಲಿ 7,300 ಬರುತ್ತದೆ, ಆದ್ದರಿಂದ 8,900 ಹಿಡಿಯಬೇಕು. ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪಿನ ಒಳತೆರಪು ಸುಮಾರು 8,500. ಒಂದು ಪೈಪ್ ಸಾಕಲ್ಲ ಎನ್ನಿಸುತ್ತದೆ. ಸಾಲುವುದಿಲ್ಲ. ಬಾಯಿಗೆ ಜಾಲರಿ ಕಟ್ಟಿ, ಅದರ ಮೇಲೆ ಎರಡು ವರ್ಷದ ಧೂಳು ಕೂತ ಮೇಲೆ ಅರ್ಧ ತೆರಪು ಉಳಿದರೆ ಹೆಚ್ಚು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಕೋಣೆಗೆ ಒಂದೊಂದು ಕಡೆ ಮೂರು ಪೈಪ್ ಹಿಡಿಯಿರಿ: ನಡುವೆ ಒಂದು, ಎರಡು ಮೂಲೆಗಳಿಂದ ಒಂದೂವರೆ ಅಡಿಯೊಳಗೆ ಒಂದೊಂದು. ಮೂಲೆ ಬಿಟ್ಟರೆ ಗಾಳಿ ನಡುವಿನಲ್ಲೇ ಹಾದುಹೋಗಿ ಮೂಲೆಗಳು ಮುಗ್ಗುತ್ತವೆ.

ಹೊಸ ಕೋಣೆಯ ನೆಲವನ್ನೂ ಟೊಳ್ಳಾಗಿಯೇ ಕಟ್ಟುವುದಾದರೆ ಕೆಲಸ ಸಲೀಸು. ನಡುಗೋಡೆಯ ಹಳೆ ಕಿಂಡಿಗಳನ್ನು ಹಾಗೇ ಬಿಟ್ಟು, ಹೊಸ ಕೋಣೆಯ ಹೊರಗೋಡೆಯಲ್ಲಿ ಎರಡೂ ಕೋಣೆಗಳ ನೆಲಕ್ಕೆ ಸೇರಿಸಿ ಲೆಕ್ಕ ಹಾಕಿದಷ್ಟು ಕಿಂಡಿ ಇಟ್ಟರಾಯಿತು. ನೆಲದಡಿಯ ಗಿಡ್ಡ ಗೋಡೆಗಳನ್ನು ಒಂದಿಡೀ ಕಟ್ಟದೆ ನಡುನಡುವೆ ಕಲ್ಲು ಬಿಟ್ಟು ಗೂಡು ಮಾಡಿ. ಎರೆಮಣ್ಣು ಉಬ್ಬಿ ಮೇಲೆ ಬರುವುದರಿಂದ ಟೊಳ್ಳಿನ ಎತ್ತರ 9ರಿಂದ 12 ಅಂಗುಲ ಇರಲಿ.

ಹೊಸ ನೆಲ ಮೊರಂ ತುಂಬಿದ್ದಾದರೆ ಹಳೆ ಕಿಂಡಿಗಳನ್ನು ಪೈಪಿನಲ್ಲಿ ಹೊಸ ಹೊರಗೋಡೆಯವರೆಗೆ ಒಯ್ಯಬೇಕು. ಇಲ್ಲಿ ತಪ್ಪುವುದು ಮಟ್ಟ. ಕೆಳಗೆ 3 ಅಂಗುಲ ಉಸುಕಿನ ಹಾಸು, ಪೈಪ್ ನಾಲ್ಕೂವರೆ, ಮೇಲೆ ಮತ್ತೆ 3 ಅಂಗುಲ ಉಸುಕು, 6 ಅಂಗುಲ ಮೊರಂ, 4 ಅಂಗುಲ ಬೆಡ್ ಕಾಂಕ್ರೀಟ್, ಟೈಲ್ಸಿಗೆ 2 ಅಂಗುಲ. ಒಟ್ಟು ಇಪ್ಪತ್ತೆರಡೂವರೆ ಅಂಗುಲ. ಕಟ್ಟೆಯ ಎತ್ತರ ಎರಡು ಅಡಿಗಿಂತ ಕಡಿಮೆಯಿದ್ದರೆ ಪೈಪ್ ಕೂರುವುದಿಲ್ಲ. ಗೌಂಡಿ ಅದನ್ನು ಕಾಂಕ್ರೀಟಿನೊಳಗೇ ಹೂತು ಮುಗಿಸುತ್ತಾನೆ, ನೆಲ ಅದೇ ಗೆರೆಯಲ್ಲಿ ಬಿರಿಯುತ್ತದೆ. ಅಷ್ಟು ಎತ್ತರ ಇಲ್ಲದ ಕಡೆ ಪೈಪ್ ಬಿಟ್ಟು, 6 ಅಂಗುಲ ಆಳದ ಕಾಲುವೆ ಕಟ್ಟಿ ಮೇಲೆ ಕಡಪ ಬಂಡೆ ಮುಚ್ಚುವುದು ವಾಸಿ.

ಪೈಪ್ ಹೊರಗಿನ ಕಡೆಗೆ ಇಳಿಜಾರಾಗಿರಬೇಕು, 16 ಅಡಿಗೆ 2 ಅಂಗುಲ. ಒಳಗೆ ಹೊಕ್ಕ ಮಳೆನೀರು, ಪೈಪಿನಲ್ಲಿ ಕೂತ ಹನಿ ಹೊರಗೇ ಹೋಗಲಿ. ಅದರ ಮೇಲಿನ ಮೊರಂಗೆ ಯಂತ್ರದ ದಮ್ಮಸ್ಸು ಬೇಡ, ಮೊದಲ ಎರಡು ಪದರ ಕೈಯಲ್ಲೇ ಕುಟ್ಟಿಸಿ. ಪೈಪ್ ಚಪ್ಪಟೆಯಾದರೆ ನೆಲ ಹಾಕಿದ ಮೇಲೆ ಗೊತ್ತಾಗುವುದಿಲ್ಲ. ಕೆಲಸದ ವೇಳೆ ಕಸ ಬೀಳಬಾರದೆಂದು ಬಾಯಿಗೆ ಸಿಮೆಂಟ್ ಚೀಲ ತುರುಕುವುದು ರೂಢಿ. ಹಾಗೆ ತುರುಕಿದ ಚೀಲದ ಮೇಲೆಯೇ ಗಿಲಾವು ಬಿದ್ದ ಮನೆಗಳು ಬೇಕಾದಷ್ಟಿವೆ. ಚೀಲದ ಬದಲು ಎದ್ದು ಕಾಣುವ ಕೆಂಪು ಬಟ್ಟೆ ಕಟ್ಟಿಸಿ, ಎಷ್ಟು ಕಟ್ಟಿದ್ದೀರಿ ಎಂದು ಗೋಡೆ ಮೇಲೆ ಬರೆಸಿ. ಬೆಡ್ ಕಾಂಕ್ರೀಟ್ ಹಾಕುವ ಹಿಂದಿನ ದಿನ ಹೊರಬಾಯಲ್ಲಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೋ ಹೊರಕ್ಕೋ ಸರಿಯಬೇಕು. ನೆಟ್ಟಗೆ ಮೇಲೇರಿದರೆ ಎಲ್ಲೋ ಕಟ್ಟಿದೆ.

ಮೂರೂ ಕಡೆ ಪಕ್ಕದವರ ಗೋಡೆಯಿರುವ ಓಣಿ ಮನೆಗಳಲ್ಲಿ ಹಿಂದಕ್ಕೆ ಬಾಯಿ ಬಿಡಲು ಜಾಗವೇ ಇರುವುದಿಲ್ಲ. ಆಗ ಪೈಪನ್ನು ಮೂಲೆಯಲ್ಲಿ ನಿಲ್ಲಿಸಿ ಮಾಳಿಗೆಯ ಕೈಪಿಡಿ ಗೋಡೆಗಿಂತ ಎರಡು ಅಡಿ ಮೇಲಕ್ಕೆ ಒಯ್ದು ಕಪ್ಪು ಬಣ್ಣ ಬಳಿಯಿರಿ. ಬಿಸಿಲಿಗೆ ಕಾದ ಪೈಪಿನೊಳಗಿನ ಗಾಳಿ ಮೇಲೇರುತ್ತಾ ನೆಲದಡಿಯದನ್ನು ಸೆಳೆಯುತ್ತದೆ. ರಾಯಚೂರಿನ ಬಿಸಿಲು ಹೀಗಾದರೂ ಉಪಯೋಗಕ್ಕೆ ಬರಲಿ. ಒಂದು ಎಚ್ಚರ: ಪೈಪ್ ಉಳಿಸಲು ಇದನ್ನು ಸಂಡಾಸಿನ ವೆಂಟ್ ಪೈಪಿಗೆ ಜೋಡಿಸುವವರಿದ್ದಾರೆ. ಗಾಳಿ ಹಿಮ್ಮುಖವಾದ ದಿನ ಗುಂಡಿಯ ಗ್ಯಾಸೆಲ್ಲ ಮನೆಯ ನೆಲದಡಿ ಬಂದು ಕೂರುತ್ತದೆ.

ತುಂಬಿದ ನೆಲವಿದ್ದರೆ

ಇಲ್ಲಿ ಗಾಳಿ ಬೇಕಿರುವುದು ಗೋಡೆಯ ಬುಡಕ್ಕೆ. ಜಾಗವಿದ್ದವರು ಹೊಸ ಕೋಣೆಯನ್ನು ಅಂಟಿಸದೆ ಮೂರು ಅಡಿ ಬಿಟ್ಟು ಕಟ್ಟಿ, ನಡುವೆ ಓಡಾಡಲು ಮೇಲೆ ತಗಡು ಇಳಿಸಿದರೆ ಈ ಲೇಖನದ ಅರ್ಧ ಓದುವ ಅಗತ್ಯವೇ ಇಲ್ಲ. ಹಳೆ ಗೋಡೆ ಹಳೆ ಗೋಡೆಯಾಗಿಯೇ ಉಳಿಯುತ್ತದೆ. ಆದರೆ ಊರೊಳಗಿನ ಹಿತ್ತಲುಗಳಲ್ಲಿ ಮೂರು ಅಡಿ ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ, ಅದೂ ನಿಜ.

ಅಂಟಿಸಲೇಬೇಕೆಂದರೆ ಹಳೆ ಗೋಡೆಯ ಬುಡದುದ್ದಕ್ಕೂ ಒಂದು ಗಾಳಿಚರಂಡಿ ಮಾಡಿ. ಹೊಸ ಕೋಣೆಯ ಒಳಗೆ, ಹಳೆ ಗೋಡೆಗೆ ತಾಗಿದಂತೆ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ಹಳೆ ಪಾಯದ ತಳಕ್ಕಿಂತ ಕೆಳಗೆ ಎಲ್ಲೂ ಇಳಿಯಬಾರದು. ಇಡೀ ಉದ್ದ ಒಂದೇ ಸಲ ತೋಡಿದರೆ ಮಣ್ಣಿನ ಗೋಡೆ ಜಗ್ಗಬಹುದು, ಆದ್ದರಿಂದ ನಾಲ್ಕೈದು ಅಡಿ ತೋಡಿ, ಮುಗಿಸಿ, ಮುಂದಕ್ಕೆ ಹೋಗಬೇಕು. ತಳಕ್ಕೆ ಎರಡೂ ತುದಿಗಳತ್ತ ಇಳಿಜಾರು ಕೊಟ್ಟು, ತೂತು ಕೊರೆದ 110 ಮಿ.ಮೀ. ಪೈಪ್ ಮಲಗಿಸಿ, ಸುತ್ತ 40 ಮಿ.ಮೀ. ಕಡಿ (ಜಲ್ಲಿ) ತುಂಬಿ. ತೂತುಗಳು ಕೆಳಮುಖವಾಗಿಯೂ ಪಕ್ಕಕ್ಕೂ ಇರಲಿ. 16 ಅಡಿ ಗೋಡೆಗೆ 24 ಘನ ಅಡಿ, ಅಂದರೆ ಕಾಲು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಕಡಿ ಸಾಕು. ಕಲ್ಲುಪುಡಿ ಬೆರೆತ ಕಡಿ ತರಬೇಡಿ, ಸಂದು ಮುಚ್ಚಿ ಮತ್ತೆ ಬತ್ತಿಯಾಗುತ್ತದೆ. ಮೇಲೆ ಕಡಪ ಬಂಡೆ ಮುಚ್ಚಿ, ಸಂದು ಮೆತ್ತಿ, ಅದರ ಮೇಲೆ ನೆಲ. ಪೈಪಿನ ಎರಡು ತುದಿಗಳು ಹೊಸ ಕೋಣೆಯ ಎಡ-ಬಲ ಗೋಡೆಗಳನ್ನು ದಾಟಿ ಹೊರಗೆ ತೆರೆಯಲಿ. ಗೋಡೆಯ ಬುಡ ಈಗ ಮಣ್ಣಿನ ಬದಲು ಗಾಳಿಗೆ ಮೈಯೊಡ್ಡಿರುತ್ತದೆ.

ನಡುಗೋಡೆಯ ಕೆಳಗಿನ ನಾಲ್ಕು ಅಡಿಗೆ ಎರಡೂ ಮುಖದಲ್ಲಿ ಸಿಮೆಂಟ್ ಗಿಲಾವು ಹಾಕಬೇಡಿ. ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಉಸುಕು. ಸುಣ್ಣ ನೀರಿನಲ್ಲಿ ಎರಡು ವಾರವಾದರೂ ನೆನೆದಿರಬೇಕು. ಅರ್ಧ ಅಂಗುಲದ ಎರಡು ಪದರ, ನಡುವೆ ಒಂದು ವಾರ ಬಿಡುವು, ಮೇಲೆ ಸುಣ್ಣದ ನೀರು ಬಳಿದರೆ ಸಾಕು. ಉಪ್ಪು ಈ ಗಿಲಾವಿನಲ್ಲಿ ಬಂದು ಕೂರುತ್ತದೆ, ಕೆಲವು ವರ್ಷಕ್ಕೆ ಅದು ಪುಡಿಯಾದಾಗ ಕೆತ್ತಿ ಹೊಸದು ಬಳಿಯಬೇಕು. ಗಿಲಾವು ಹೋಗಲಿ, ಗೋಡೆ ಉಳಿಯಲಿ ಎಂಬ ಲೆಕ್ಕ. ನೆಲದಿಂದ ನಾಲ್ಕು ಅಡಿ ಟೈಲ್ಸ್ ಅಂಟಿಸಿ ಸವಳು ಮುಚ್ಚುವುದು ಈಗ ಫ್ಯಾಷನ್. ಅಲ್ಲಿಂದ ಮೇಲೆ ಐದನೇ ಅಡಿಯಲ್ಲಿ ಸವಳು ಕಾಣಿಸಿಕೊಳ್ಳುತ್ತದೆ, ಟೈಲ್ಸ್ ಹಿಂದೆ ಗೋಡೆ ಹಸಿಯಾಗಿಯೇ ಇರುತ್ತದೆ.

ಹೊಸ ನೆಲಕ್ಕೆ ತಳದಿಂದ ತೇವ ಹತ್ತದಂತೆ ಬೆಡ್ ಕಾಂಕ್ರೀಟಿನ ಅಡಿ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಹಾಸುವುದು ಒಳ್ಳೆಯದೇ. ಜೋಡಣೆಯಲ್ಲಿ ಆರು ಅಂಗುಲ ಒಂದರ ಮೇಲೊಂದು ಬರಲಿ. ಆದರೆ ಈ ಹಾಳೆ ತಡೆದ ತೇವ ಪಕ್ಕಕ್ಕೆ ಸರಿಯುತ್ತದೆ, ಪಕ್ಕದಲ್ಲಿರುವುದು ಹಳೆ ಗೋಡೆ. ಗಾಳಿಚರಂಡಿ ಇಲ್ಲದೆ ಹಾಳೆಯೊಂದನ್ನೇ ಹಾಕಿದ ಮನೆಗಳಲ್ಲಿ ನಡುಗೋಡೆ ಬೇಗ ಕೆಡುವುದು ಇದಕ್ಕೇ. ಹಾಳೆಯನ್ನು ಚರಂಡಿಯ ಅಂಚಿಗೆ ನಿಲ್ಲಿಸಿ, ಹಳೆ ಗೋಡೆಗೆ ಅಂಟಿಸಬೇಡಿ.

ಲೆಕ್ಕಕ್ಕೆ: 12×16ರ ಹೊಸ ಕೋಣೆಗೆ ಒಂದೂವರೆ ಅಡಿ ತುಂಬಲು 288 ಘನ ಅಡಿ ಮೊರಂ ಬೇಕು. ದಮ್ಮಸ್ಸಿನಲ್ಲಿ ಕುಗ್ಗುವುದರಿಂದ ಮೂರೂವರೆ ಬ್ರಾಸ್ ತರಿಸಿ. ಆರು ಅಂಗುಲಕ್ಕೊಂದು ಪದರ, ನೀರು ಚಿಮುಕಿಸಿ ಕುಟ್ಟಬೇಕು. 4 ಅಂಗುಲ ದಪ್ಪದ 1:4:8 (ಸಿಮೆಂಟ್, ಉಸುಕು, ಕಡಿಯ ಪಾಲು) ಬೆಡ್ಡಿಗೆ ಆರು ಚೀಲ ಸಿಮೆಂಟ್. ಸವಳು ಭೂಮಿಯಲ್ಲಿ ಪಾಯಕ್ಕೂ ಬೆಡ್ಡಿಗೂ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ ಬೆರೆಸಿದ) ಸಿಮೆಂಟ್ ಮೇಲು, ಉಪ್ಪಿನ ಹೊಡೆತ ಚೆನ್ನಾಗಿ ತಾಳುತ್ತದೆ. ಅದು ಗಟ್ಟಿಯಾಗುವುದು ನಿಧಾನವಾದ್ದರಿಂದ ಏಳು ದಿನಕ್ಕೆ ನಿಲ್ಲಿಸದೆ ಹದಿನಾಲ್ಕು ದಿನ ನೀರು ಹೊಡೆಯಿರಿ. ಕಟ್ಟೆಯ ಮಟ್ಟದವರೆಗೆ ಸೈಜುಗಲ್ಲು ಬಳಸಿ. ಗ್ರಾನೈಟ್ ಕ್ವಾರಿಗಳ ಸೀಮೆಯಲ್ಲಿದ್ದುಕೊಂಡು ನೆಲದೊಳಗೆ ಇಟ್ಟಿಗೆ ಹೂಳುವುದಕ್ಕೆ ಅರ್ಥವಿಲ್ಲ.

ಕಟ್ಟೆಗೆ ಅಲ್ಲೇ ಪಾಯದಿಂದ ತೆಗೆದ ಎರೆಮಣ್ಣನ್ನು ತುಂಬಿ ಮೊರಂ ದುಡ್ಡು ಉಳಿಸಿದೆ ಎಂದರೆ, ಮೊದಲ ಮಳೆಗೆ ಅದು ಉಬ್ಬಿ ಟೈಲ್ಸ್ ಎಬ್ಬಿಸುತ್ತದೆ.

ಎರೆಭೂಮಿ ಅಲ್ಲಾಡುತ್ತದೆ

ಹಳೆ ಮನೆ ಐವತ್ತು ವರ್ಷ ಕೂತು ಕೂತು ತನ್ನ ಜಾಗ ಹಿಡಿದಿದೆ. ಹೊಸ ಕೋಣೆ ಮೊದಲ ಎರಡು-ಮೂರು ವರ್ಷ ಬೇಸಿಗೆಯಲ್ಲಿ ಇಳಿದು, ಮಳೆಗೆ ಏರಿ ಆಟವಾಡುತ್ತದೆ. ಎರಡನ್ನೂ ಕಂಬಿ ಹಾಕಿ ಬಿಗಿದರೆ ಹಳೆ ಗೋಡೆಯೇ ಸೀಳುತ್ತದೆ. ಪಾಯದಿಂದ ಮಾಳಿಗೆಯವರೆಗೆ ಒಂದು ಅಂಗುಲದ ಸಂದು ಬಿಟ್ಟು, ಮೆತ್ತನೆಯ ಫಿಲ್ಲರ್ ಬೋರ್ಡ್ ಇಟ್ಟು, ಮೇಲೆ ಮುಚ್ಚುಪಟ್ಟಿ ಹಾಕಬೇಕು. ಇದನ್ನು ಈಗ ಹೆಚ್ಚಿನ ಎಂಜಿನಿಯರುಗಳು ಹೇಳುತ್ತಾರೆ. ಹೇಳಲು ಮರೆಯುವುದು ಪೈಪಿನ ಸಂಗತಿ. ಹಳೆ ಗೋಡೆಯಲ್ಲೂ ಹೊಸ ಗೋಡೆಯಲ್ಲೂ ಸಿಮೆಂಟ್ ಮೆತ್ತಿ ಬಿಗಿದ ಗಾಳಿಪೈಪ್ ಈ ಆಟಕ್ಕೆ ಸಂದಿನಲ್ಲೇ ಮುರಿಯುತ್ತದೆ, ಮುರಿದಲ್ಲಿ ಮಣ್ಣು ತುಂಬುತ್ತದೆ. ಗೋಡೆ ದಾಟುವ ಕಡೆ 160 ಮಿ.ಮೀ. ಪೈಪಿನ ತುಂಡನ್ನು ತೋಳಿನಂತೆ ಕೂರಿಸಿ, 110ರ ಪೈಪನ್ನು ಅದರೊಳಗೆ ತೂರಿಸಿ. ಸುತ್ತ ಉಳಿಯುವ ಮುಕ್ಕಾಲು ಅಂಗುಲಕ್ಕೆ ಫೋಮನ್ನೋ ಟಾರು ಹಚ್ಚಿದ ಹಗ್ಗವನ್ನೋ ತುರುಕಿ. ಗೋಡೆ ಸರಿದರೂ ಪೈಪ್ ಉಳಿಯುತ್ತದೆ.

ಆಳ ಎರೆಮಣ್ಣಿರುವ ಕಡೆ ಪಾಯಕ್ಕೆ ಅಂಡರ್-ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬ ಹಾಕುತ್ತಾರೆ: ಸುಮಾರು 3.5 ಮೀಟರ್ ಇಳಿದು, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಅದರ ಮೇಲಿನ ಬೀಮಿನ ಅಡಿ 80 ಮಿ.ಮೀ. ತೆರಪು ಬಿಡಬೇಕು, ಉಬ್ಬಿದ ಮಣ್ಣು ಬೀಮನ್ನು ಎತ್ತದಿರಲೆಂದು. ಆ ತೆರಪನ್ನು ಕಂಡ ಕೂಡಲೇ ಇಲಿ ಬರುತ್ತದೆಂದು ಕಡಿ ತುಂಬುವ ಕೈಗಳಿಗೆ ಮೊದಲೇ ಹೇಳಿಟ್ಟಿರಿ.

ಹಗೇವು ಸಿಕ್ಕರೆ

ಜೋಳ ತುಂಬಿಡುತ್ತಿದ್ದ ಹಗೇವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹಳೆ ಮನೆಗಳ ಅಂಗಳದಲ್ಲಿ, ಪಡಸಾಲೆಯಲ್ಲಿ, ಮನೆ ಮುಂದಿನ ಬಯಲಲ್ಲಿ ಇನ್ನೂ ಇವೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬಳಕೆ ತಪ್ಪಿ ಬಾಯಿಗೆ ಬಂಡೆ ಮುಚ್ಚಿ ಮೇಲೆ ನೆಲ ಹಾಸಿದ ಮೇಲೆ ಮನೆಯವರೂ ಮರೆತಿರುತ್ತಾರೆ. ಪಾಯ ತೋಡುವಾಗ ಹಾರೆ ಸರ್ರನೆ ಇಳಿದಾಗಲೇ ನೆನಪು. ಮನೆಯ ಹಿರಿಯರನ್ನು, ಅವರಿಲ್ಲದಿದ್ದರೆ ಓಣಿಯ ಹಿರಿಯರನ್ನು ಮೊದಲೇ ಕೇಳಿ.

ಸಿಕ್ಕಿದರೆ ಯಾರೂ ತಕ್ಷಣ ಇಳಿಯಬಾರದು. ಉಳಿದ ಕಾಳು, ಹುಲ್ಲು ಕೊಳೆತು ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ಗಾಳಿಗಿಂತ ಭಾರ, ಬಾಯಿ ತೆರೆದರೂ ತಳದಲ್ಲೇ ಇರುತ್ತದೆ, ವಾಸನೆಯೂ ಇಲ್ಲ. ಇಳಿದವನು ಬಿದ್ದ, ಎತ್ತಲು ಹೋದವನೂ ಬಿದ್ದ ಎಂಬುದು ಇಂಥ ಸಾವುಗಳ ಕ್ರಮ. ದೀಪ ಇಳಿಸಿ ನೋಡುವ ಪದ್ಧತಿ ಹಿರಿಯರದು. ದೀಪ ಆರಿದರೆ ಇಳಿಯಬಾರದು ಎಂಬುದು ಖಂಡಿತ. ಆರಲಿಲ್ಲವೆಂದ ಮಾತ್ರಕ್ಕೆ ಇಳಿಯಬಹುದು ಎಂದಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಬ್ಲೋವರಿಗೆ ಕೊಳವೆ ಕಟ್ಟಿ ತಳದವರೆಗೆ ಗಾಳಿ ಊದಿ, ಊದುತ್ತಿರುವಾಗಲೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡವರು ಇಳಿಯಲಿ. ಮೇಲೆ ಹಗ್ಗ ಹಿಡಿದು ಇಬ್ಬರಿರಲಿ.

ಕೊಳೆತದ್ದೆಲ್ಲ ತೆಗೆದು, ಮೊರಂನ್ನು ಆರು ಅಂಗುಲದ ಪದರಗಳಲ್ಲಿ ಕುಟ್ಟುತ್ತಾ ಬಾಯಿಯವರೆಗೆ ತುಂಬಬೇಕು. ಮನೆ ಒಡೆದ ಕಸ ಸುರಿದರೆ ವರ್ಷಗಟ್ಟಲೆ ಕುಸಿಯುತ್ತಾ ಇರುತ್ತದೆ. ಎಷ್ಟೇ ಚೆನ್ನಾಗಿ ತುಂಬಿದರೂ ಅದರ ಮೇಲೆ ಗೋಡೆ ಬರುವಂತಿಲ್ಲ. ಕೋಣೆಯನ್ನು ಸರಿಸಿ, ಇಲ್ಲವೇ ಆಚೀಚೆ ಗಟ್ಟಿ ನೆಲದ ಮೇಲೆ ಕೂರುವ ಬೀಮ್ ದಾಟಿಸಿ. ಹಾಗೇ ಮುಚ್ಚಿ ಮೇಲೆ ಟೈಲ್ಸ್ ಹಾಕಿದರೆ ಒಳಗೆ ನಿಂತ ಗಾಳಿ ವರ್ಷವಿಡೀ ತೇವ ಹಿಡಿದಿಟ್ಟುಕೊಂಡು ಮೇಲಿನ ನೆಲಕ್ಕೆ ಬಿಡುತ್ತದೆ.

ನೀರು, ಗೆದ್ದಲು, ಜಾಲರಿ

ಹೊಸ ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ ನೋಡಿ. 12×16ರ ಮಾಳಿಗೆಗೆ ಒಂದು ಅಂಗುಲ ಮಳೆ ಬಿದ್ದರೆ 450 ಲೀಟರ್ ನೀರು. ಅದು ಗಾಳಿಕಿಂಡಿಯ ಪಕ್ಕಕ್ಕೇ ಸುರಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಗೋಡೆಯ ಸುತ್ತ ಮೂರು ಅಡಿ ಅಗಲ ಬಂಡೆ ಹಾಸಿ ಹೊರಕ್ಕೆ ಇಳಿಜಾರು ಕೊಡಿ. ಬಚ್ಚಲನ್ನು ನಡುಗೋಡೆಗೆ ತಾಗಿಸಬೇಡಿ, ಹೊಸ ಕೋಣೆಯ ಹೊರಗಿನ ಮೂಲೆಗೆ ಹಾಕಿ. ಕಿಂಡಿಯ ತಳ ಹೊರನೆಲದಿಂದ ಆರು ಅಂಗುಲವಾದರೂ ಮೇಲಿರಲಿ. ಬೀದಿ ಕಡೆಯದಾದರೆ ಮುಂದೆ ಬರುವ ಸಿಸಿ ರಸ್ತೆಯನ್ನೂ ಸೇರಿಸಿಕೊಂಡು ಒಂದು ಅಡಿ ಇಡಿ. ಹೊಳೆದಂಡೆಯ ಊರುಗಳಲ್ಲಿ 2009ರ ಅಕ್ಟೋಬರಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಕೇಳಿಕೊಂಡು ಮಟ್ಟ ಹಿಡಿಯುವುದು ಲೇಸು.

ಗೆದ್ದಲಿನ ಔಷಧಿಯನ್ನು ಮೊರಂ ಕುಟ್ಟಿ ಮುಗಿದ ಮೇಲೆ, ಪ್ಲಾಸ್ಟಿಕ್ ಹಾಳೆಗೆ ಮುಂಚೆ ಹೊಡೆಯಬೇಕು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಆದರೆ ಲೀಟರ್ ನೀರಿಗೆ 2.1 ಮಿ.ಲೀ., ಚದರ ಮೀಟರಿಗೆ ಐದು ಲೀಟರ್ ದ್ರಾವಣ. ಈ ಕೋಣೆಗೆ 90 ಲೀಟರ್ ನೀರು, 190 ಮಿ.ಲೀ. ಔಷಧಿ. ಆಮೇಲೆ ಪೈಪಿಗೆಂದು ಮತ್ತೆ ಅಗೆದರೆ ಆ ಪಟ್ಟಿಯಲ್ಲಿ ಔಷಧಿ ಇಲ್ಲದಂತಾಗಿ ಗೆದ್ದಲಿಗೆ ಅದೇ ಹೆದ್ದಾರಿ. ಪೈಪ್ ಕೆಲಸ ಮೊದಲು, ಔಷಧಿ ಆಮೇಲೆ.

ಹಳೆ ಕೋಣೆಯ ಕಿಟಕಿ ಈಗ ಬಯಲಿಗೆ ತೆರೆಯದೆ ಹೊಸ ಕೋಣೆಗೆ ತೆರೆಯುತ್ತದೆ. ನೆಲದಿಂದ ಕೋಣೆಯೊಳಗೆ ಬಂದ ತೇವ ಮೇಲಿನ ಬೆಳಕಿಂಡಿಯಿಂದಲೇ ಹೊರಹೋಗಬೇಕು. ಮಾಳಿಗೆ ರಿಪೇರಿಯ ನೆಪದಲ್ಲಿ ಅದನ್ನು ಮುಚ್ಚಿಸಬೇಡಿ, ಗಾಜು ಕೂರಿಸುವುದಾದರೆ ಪಕ್ಕದಲ್ಲಿ ಗಾಳಿ ಆಡುವಂತೆ ಎತ್ತರಿಸಿ ಕೂರಿಸಿ.

ಕಿಂಡಿಗಳ ಬಾಯಿಗೆ 6 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿ ಸಾಕು, ಇಲಿಯೂ ಹಾವೂ ನುಗ್ಗುವುದಿಲ್ಲ. ಸೊಳ್ಳೆ ಪರದೆಯ ಜಾಲರಿ ಒಂದು ಬೇಸಿಗೆಗೆ ಧೂಳು ಕಟ್ಟಿ ಗೋಡೆಯಾಗುತ್ತದೆ. ಜಾಲರಿಯನ್ನು ಸಿಮೆಂಟಿನಲ್ಲಿ ಹೂಳದೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದರೆ ಯುಗಾದಿಗೆ ಮನೆ ಸುಣ್ಣ-ಬಣ್ಣ ಮಾಡುವಾಗ ಬಿಚ್ಚಿ ತೊಳೆಯಬಹುದು. ಬಣ್ಣದವನು ಅದರ ಮೇಲೂ ಒಂದು ಕೈ ಬಳಿದು ಹೋಗದಂತೆ ನೋಡಿಕೊಳ್ಳಿ.